ನಿನ್ನ ಹೆಸರನ್ನೂ ಬರೆಸಿಕೊ

ಕಳೆದ ತಿಂಗಳು ಒಂದು ಭಾನುವಾರ ಕಂಪ್ಲಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗನನ್ನು ಕರೆದುಕೊಂಡು ಹೊಸಪೇಟೆಯ ನಮ್ಮ ಮನೆಗೆ ಬಂದಿದ್ದ. ಬಾಳೆಗೊನೆಯನ್ನು ಜಗುಲಿಯ ಮೇಲಿಟ್ಟು, ನೀರು ಕುಡಿದು, ಕುಶಲ ವಿಚಾರಿಸಿದ ಮೇಲೆ ಬಂದ ವಿಷಯ ಹೇಳಿದ. "ಸಾರ್, ನೀವಾದ್ರೂ ಇವನಿಗೆ ಬುದ್ಧಿ ಹೇಳ್ರಿ. ಹಾಕಿ ಆಟಗಾರರ ಆಟೋಗ್ರಾಫ್ ಬೇಕಂತ, ಬೆಂಗಳೂರಿಗೆ ಕರ್ಕೊಂಡು ಹೋಗು ಅಂತ ಕುಂತಾನ. ಕ್ರಿಕೆಟ್‌ನವರದಾದ್ರೆ ಒಂದ್ ಮಾತು. ಸಹಿ ಮಾಡಿದ ಅಂಗಿ ಆನ್‌ಲೈನ್‌ನಾಗ ಸಿಗ್ತದ, ತರಿಸಿ ಕೊಡ್ತೀನಿ ಅಂದ್ರೂ ಕೇಳವಲ್ಲ."

ಹುಡುಗ ಎಂಟನೆಯ ತರಗತಿ. ತಲೆ ತಗ್ಗಿಸಿ ಕುಳಿತಿದ್ದನಾದರೂ ಮುಖದಲ್ಲಿ ಸೋಲಿನ ಛಾಯೆ ಇರಲಿಲ್ಲ. 2021ರಲ್ಲಿ ಟೋಕಿಯೋದಲ್ಲಿ ನಮ್ಮವರು ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚು ಗೆದ್ದಾಗ ಅವನಿನ್ನೂ ಚಿಕ್ಕವನು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಪೇನ್ ವಿರುದ್ಧ ಮತ್ತೆ ಕಂಚು ಬಂದಾಗ ಪೂರ್ತಿ ಪಂದ್ಯ ನೋಡಿದನಂತೆ. ಭಾರತ ತಂಡದ ಶಿಬಿರ ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ನಡೆಯುತ್ತದೆ ಎಂಬುದನ್ನೂ ತಾನೇ ತಿಳಿದುಕೊಂಡಿದ್ದ. ಕಂಪ್ಲಿಯ ಹುಡುಗನಿಗೆ ಚೆಂಡಿನ ಹುಚ್ಚು ಹಿಡಿಯುವುದು ಹೊಸದೇನೂ ಅಲ್ಲ. ಗಂಡುಗಲಿ ಕುಮಾರರಾಮನ ಕಥೆಯ ಕಷ್ಟವೆಲ್ಲ ಆರಂಭವಾಗುವುದೇ ಅವನ ಚೆಂಡು ಹೋಗಿ ರತ್ನಾಜಿಯ ಅರಮನೆಗೆ ಬಿದ್ದುದರಿಂದಲ್ಲವೇ!

ಮೂವತ್ತೈದು ವರ್ಷ ಸಮಾಜ ವಿಜ್ಞಾನ ಬೋಧಿಸಿದವನ ಬಾಯಲ್ಲಿ ಬುದ್ಧಿಮಾತಿಗೆ ಬರವಿರುವುದಿಲ್ಲ. "ಮೊದಲು ಓದು, ಆಮೇಲೆ ಆಟ, ಆಮೇಲೆ ಆಟಗಾರರು" ಎಂದು ಹೇಳಲು ಬಾಯಿ ತೆರೆದೆ. ಆದರೆ ಆ ಮಾತು ಹೊರಡಲಿಲ್ಲ. ಏಕೆ ಹೊರಡಲಿಲ್ಲವೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ. ಇದರಲ್ಲಿ ನನ್ನ ತಪ್ಪೊಂದರ ನಿವೇದನೆಯೂ ಇದೆ.

ಸೆಪ್ಟೆಂಬರ್ 1988. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಹೊಸ ಮೇಷ್ಟ್ರುಗಳಿಗೆ ಶಿಸ್ತಿನ ಹುಚ್ಚು ಹೆಚ್ಚು; ನನಗಂತೂ ಇನ್ನೂ ಹೆಚ್ಚು. ಸಿಯೋಲ್ ಒಲಿಂಪಿಕ್ಸ್ ನಡೆಯುತ್ತಿದ್ದ ದಿನಗಳು. ಹತ್ತನೆಯ ತರಗತಿಯಲ್ಲಿ ಪಂಚವಾರ್ಷಿಕ ಯೋಜನೆಗಳ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮೂರು ತಲೆಗಳು ಒಂದಾಗಿ ಏನನ್ನೋ ನೋಡುತ್ತಿದ್ದವು. ಹೋಗಿ ಕೈ ಚಾಚಿದೆ. ಸಂಡೂರಿನ ಕಡೆಯ ಹುಡುಗನೊಬ್ಬ ಎದ್ದು ನಿಂತು ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೊಟ್ಟ. ಅವನ ತಂದೆ ಗಣಿಯಲ್ಲಿ ಅದಿರು ಲೋಡು ಮಾಡುವ ಕೆಲಸದಲ್ಲಿದ್ದರು. ಹುಡುಗ ಹೊಸಪೇಟೆಯಲ್ಲಿ ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದ. ಪುಸ್ತಕದ ಮುಂಭಾಗದಲ್ಲಿ ಲಾರಿಗಳ ನಂಬರುಗಳು, ಟ್ರಿಪ್ಪುಗಳ ಲೆಕ್ಕ. ಹಿಂದಿನಿಂದ ತಿರುಗಿಸಿದರೆ ಹಾಕಿ ಆಟಗಾರರ ಸಹಿಗಳು. "ಪರೀಕ್ಷೆ ಮುಗಿದ ಮೇಲೆ ಬಂದು ತೆಗೆದುಕೊಂಡು ಹೋಗು" ಎಂದು ಮೇಜಿನ ಡ್ರಾಯರಿಗೆ ಹಾಕಿದೆ. ಅವನು ಅಳಲಿಲ್ಲ, ಬೇಡಲಿಲ್ಲ. "ಆಯ್ತ್ರಿ ಸಾರ್" ಎಂದು ಕುಳಿತ.

ದಸರಾ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದಿಷ್ಟು ದಿನ ಗೈರುಹಾಜರಿ ಗುರುತು ಹಾಕಿ, ಆಮೇಲೆ ಕೆಂಪು ಗೆರೆ ಎಳೆದೆ. ಆ ಕಾಲದಲ್ಲಿ ಅದು ಅಪರೂಪವೇನಲ್ಲ. ಗಣಿ, ಕಬ್ಬಿನ ಗದ್ದೆ, ಲಾರಿ, ಹೋಟೆಲು ಹೀಗೆ ಯಾವುದಾದರೊಂದು ಕಡೆಗೆ ಹುಡುಗರು ಹೊರಟುಹೋಗುತ್ತಿದ್ದರು. ಪುಸ್ತಕ ಮಾತ್ರ ನನ್ನ ಬಳಿಯೇ ಉಳಿಯಿತು. ವರ್ಗಾವಣೆಯಾದಾಗಲೆಲ್ಲ ಟ್ರಂಕಿನಲ್ಲಿ ನನ್ನೊಡನೆಯೇ ಊರೂರು ತಿರುಗಿತು. 2019ರಲ್ಲಿ ನಿವೃತ್ತನಾದಾಗ ಟ್ರಂಕು ಬಿಚ್ಚಿ ಅದನ್ನು ನೋಡಿದೆ. ನೋಡಿ, ಹೇಳಲು ನಾಚಿಕೆಯಾಗುತ್ತದೆ, ಮತ್ತೆ ಅಲ್ಲಿಯೇ ಇಟ್ಟೆ.

ಇದರಲ್ಲಿ ಒಂದು ವಿಪರ್ಯಾಸವಿದೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳ ಕೈಯಲ್ಲಿ ಗುಲಾಬಿ, ಹಳದಿ, ನೀಲಿ ಹಾಳೆಗಳ ಆಟೋಗ್ರಾಫ್ ಪುಸ್ತಕಗಳು ಓಡಾಡುತ್ತಿದ್ದವು. ಗೆಳೆಯರು ಪ್ರಾಸ ಕಟ್ಟಿ ಬರೆಯುತ್ತಿದ್ದರು. ನಾವು ಮೇಷ್ಟ್ರುಗಳು ಗಂಭೀರವಾಗಿ "ಸತ್ಯವಂತನಾಗು, ಹೆತ್ತವರಿಗೆ ಕೀರ್ತಿ ತಾ" ಎಂದು ಬರೆದು ಸಹಿ ಹಾಕುತ್ತಿದ್ದೆವು. ನಾನೇ ನೂರಾರು ಪುಸ್ತಕಗಳಿಗೆ ಹಾಕಿದ್ದೇನೆ. ನನ್ನ ಸಹಿಯನ್ನು ಸಂಗ್ರಹಿಸಿದಾಗ ಅದು ಗುರುಭಕ್ತಿ, ಹಾಕಿ ಆಟಗಾರನ ಸಹಿಯನ್ನು ಸಂಗ್ರಹಿಸಿದಾಗ ಅದು ಕಾಲಹರಣ! ಆಗ ನನಗೆ ಹೀಗೇ ತೋರಿತ್ತು.

ಅಂದು ಕಂಪ್ಲಿಯ ಹುಡುಗ ಎದುರಿಗೆ ಕುಳಿತಿದ್ದಾಗ ಆ ಪುಸ್ತಕವನ್ನು ಹೊರಗೆ ತೆಗೆದೆ. ಇಬ್ಬರೂ ಸೇರಿ ಮೊದಲ ಬಾರಿಗೆ ನಿಧಾನವಾಗಿ ಓದಿದೆವು. ಏಳು ಸಹಿಗಳಿವೆ. ಎಲ್ಲವೂ ಮೇ 1988, ಬೆಂಗಳೂರು. ಬೇಸಗೆ ರಜೆಯಲ್ಲಿ ಹೋಗಿದ್ದಿರಬೇಕು. ಒಂದೊಂದು ಸಹಿಯ ಕೆಳಗೂ ಹುಡುಗ ತನ್ನ ದುಂಡನೆಯ ಅಕ್ಷರದಲ್ಲಿ ಎರಡೆರಡು ಸಾಲು ಬರೆದುಕೊಂಡಿದ್ದಾನೆ. "ರೈಟ್ ಔಟ್. ಓಡುವಾಗ ತಲೆ ಎತ್ತಿ ನೋಡುತ್ತಾರೆ." "ಗೋಲ್‌ಕೀಪರ್. ಪ್ಯಾಡ್ ಬಿಚ್ಚುತ್ತಿದ್ದರು, ಕಾಯಲು ಹೇಳಿದರು, ಕಾದೆ." "ಪೆನ್ನು ನನ್ನದಲ್ಲ, ಅವರದೇ. ನನ್ನದು ಬರೆಯಲಿಲ್ಲ." ಮತ್ತೊಂದರ ಕೆಳಗೆ, "ಬ್ಯಾಂಕಿನಲ್ಲಿ ಕೆಲಸವಂತೆ."

ಈ ಕೊನೆಯ ಮಾತು ಇಂದಿನ ಮಕ್ಕಳಿಗೆ ಅರ್ಥವಾಗುವುದು ಕಷ್ಟ. ಹಾಕಿ ಆಡಿ ಹೊಟ್ಟೆ ಹೊರೆಯುವುದೆಂದರೆ ಆಗ ರೈಲ್ವೆ, ಸೇನೆ, ಇಂಡಿಯನ್ ಏರ್‌ಲೈನ್ಸ್, ಇಲ್ಲವೇ ಬ್ಯಾಂಕುಗಳಲ್ಲಿ ಕ್ರೀಡಾ ಕೋಟಾದಡಿ ಒಂದು ನೌಕರಿ. ಲೀಗ್ ಆಡಿ ಸಂಭಾವನೆ ಪಡೆಯುವ ವ್ಯವಸ್ಥೆ ಬಂದದ್ದು 2005ರ ಪ್ರೀಮಿಯರ್ ಹಾಕಿ ಲೀಗ್‌ನಿಂದ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಹಾಕಿ ಇಂಡಿಯಾ ಲೀಗ್ 2013ರಲ್ಲಿ ಶುರುವಾಗಿ, 2017ರ ನಂತರ ನಿಂತು, 2024ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು. ಆಗ ಇದ್ದ ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ್ದೊಂದೂ ಇರಲಿಲ್ಲ ಎಂಬುದು ಬೇರೆ ದುಃಖ. 1988ರ ಆ ಆಟಗಾರ ಸಂಜೆ ಹುಡುಗನ ಪುಸ್ತಕಕ್ಕೆ ಹಾಕಿದ ಸಹಿಯನ್ನೇ ಮರುದಿನ ಬೆಳಿಗ್ಗೆ ಯಾರದೋ ಪಾಸ್‌ಬುಕ್ಕಿಗೂ ಹಾಕಿರುತ್ತಾನೆ. ನಮ್ಮಲ್ಲಿ ಎಷ್ಟೋ ಮಂದಿಯ ಮನೆಯ ಹಳೆಯ ಕಾಗದಗಳಲ್ಲಿ ಇಂಥ ಸಹಿಗಳು ಗೊತ್ತಿಲ್ಲದೆಯೇ ಇರಬಹುದು.

ಏಳರಲ್ಲಿ ನಾಲ್ಕು ಸಹಿಗಳು ಓದಲು ಬರುವುದಿಲ್ಲ. ಉಳಿದವು ಕೊಡವ ಹೆಸರುಗಳು. ಮೈಸೂರಿನಲ್ಲಿ ಬಿ.ಎಡ್. ಓದುವಾಗ ನನ್ನ ಕೋಣೆಯಲ್ಲಿ ಕೊಡಗಿನ ಗೆಳೆಯನೊಬ್ಬನಿದ್ದ. ಸಹಿಯಲ್ಲಿ ಬರುವ ಮೊದಲ ಅಕ್ಷರವನ್ನು ಉಪೇಕ್ಷಿಸಬಾರದೆಂದು ನನಗೆ ಕಲಿಸಿದವನು ಅವನೇ. ಎಂ.ಪಿ. ಗಣೇಶ್ ಎಂದು ನಾವು ಪತ್ರಿಕೆಯಲ್ಲಿ ಓದುತ್ತಿದ್ದೆವು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದು 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದವರು. ಆ ಮೊದಲ 'ಎಂ' ಎಂದರೆ ಮೊಳ್ಳೇರ, ಅವರ ಒಕ್ಕದ ಹೆಸರು. ಎಂ.ಎಂ. ಸೋಮಯ್ಯನವರ ಮೊದಲ 'ಎಂ' ಮನೆಯಪಂಡ. ಒಂದು ಅಕ್ಷರದೊಳಗೆ ಒಂದು ಇಡೀ ಕುಲ, ಗದ್ದೆ, ತೋಟ, ಐನ್‌ಮನೆ ಎಲ್ಲವೂ ಕುಳಿತಿರುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಹಾಕಿ ಉತ್ಸವದಲ್ಲಿ ತಂಡಗಳು ಆಡುವುದೂ ಈ ಮನೆತನಗಳ ಹೆಸರಿನಲ್ಲಿಯೇ. 2024ರಲ್ಲಿ 360 ಕುಟುಂಬ ತಂಡಗಳು ಕಣಕ್ಕಿಳಿದವು. ಕೊಡವರಲ್ಲದ ಎಸ್.ವಿ. ಸುನಿಲ್ ಅವರ ಸಹಿಯಲ್ಲಿ ಊರೇ ಇದೆ: ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ಸಹಿಯನ್ನು ಕಂಡು "ಈ 'ಎಂ' ಎಂದರೆ ಏನು ಸಾರ್?" ಎಂದು ಕೇಳುವ ಹುಡುಗ ನಾನು ಬೋಧಿಸಿದ ಎಷ್ಟೋ ಪಾಠಗಳಿಗಿಂತ ಹೆಚ್ಚಿನ ಸಮಾಜ ವಿಜ್ಞಾನವನ್ನು ಕಲಿಯುತ್ತಾನೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮಕ್ಕಳು ಆಟಗಾರರ ಹಸ್ತಾಕ್ಷರ ಸಂಗ್ರಹಿಸುವುದನ್ನು ತಡೆಯಬಾರದು. ಆದರೆ ಅಂಗಡಿಯಿಂದ ಕೊಂಡುಕೊಡಬಾರದು. ಬಿಸಿಲಲ್ಲಿ ಕಾಯಲಿ, ತಾವೇ ಹೋಗಿ ಕೇಳಲಿ, ಕೇಳುವ ಮೊದಲು ಆ ಆಟಗಾರ ಯಾವ ಜಾಗದಲ್ಲಿ ಆಡುತ್ತಾನೆ ಎಂಬುದಾದರೂ ತಿಳಿದಿರಲಿ. ಮತ್ತು ಸಹಿಯ ಮೇಲೆ ತಮ್ಮ ಹೆಸರನ್ನೂ ಬರೆಸಿಕೊಳ್ಳಲಿ. "ಇಂಥವನಿಗೆ, ಇಂಥವರಿಂದ."

ಈ ಕೊನೆಯ ಮಾತಿಗೆ ಕಾರಣವಿದೆ. ನನ್ನ ತಂಗಿಯ ಮಗ ಕೆನಡಾದ ಟೊರಾಂಟೊದಲ್ಲಿದ್ದಾನೆ. ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಆಟಗಾರರ ಚಿತ್ರದ ಕಾರ್ಡುಗಳಿಗೆ ಸಹಿಯ ಚೀಟಿ ಅಂಟಿಸಿ ಪೊಟ್ಟಣದಲ್ಲಿ ಮಾರುತ್ತಾರೆ. ಸಹಿ ಅಸಲಿಯೆಂದು ಪ್ರಮಾಣಪತ್ರ ಕೊಡುವ ಕಂಪನಿಗಳೇ ಇವೆ. ಅಮೆರಿಕದಲ್ಲಿ ನಕಲಿ ಸಹಿಗಳ ಹಾವಳಿ ಎಷ್ಟಿತ್ತೆಂದರೆ 1990ರ ದಶಕದಲ್ಲಿ ಅಲ್ಲಿಯ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಎಂಬ ಹೆಸರಿನಲ್ಲಿ ಕಾರ್ಯಾಚರಣೆ ನಡೆಸಬೇಕಾಯಿತು. ಆ ಪೇಟೆಯ ಒಂದು ನಿಯಮವನ್ನು ಅಳಿಯ ನನಗೆ ಹೇಳಿದ: ಸಹಿಯ ಜೊತೆ ಯಾರದಾದರೂ ಹೆಸರು ಬರೆದಿದ್ದರೆ ಸಾಮಾನ್ಯವಾಗಿ ಅದರ ಬೆಲೆ ಇಳಿಯುತ್ತದೆ. ಕೊಳ್ಳುವವನಿಗೆ ಬೇರೊಬ್ಬನ ಹೆಸರು ಬೇಡ. ಎಂಥ ಒಳ್ಳೆಯ ನಿಯಮ! ಹೆಸರು ಬರೆಸಿಕೊಂಡ ಕ್ಷಣವೇ ಆ ಕಾಗದ ಪೇಟೆಯ ಕೈ ತಪ್ಪಿ ಮಗುವಿನ ಕೈ ಸೇರುತ್ತದೆ. (ಅದೇ ದೇಶದಲ್ಲಿ ಮಾಂಟ್ರಿಯಲ್ ತಂಡದ ಜೀನ್ ಬೆಲಿವೊ ಎಂಬ ದೊಡ್ಡ ಆಟಗಾರರು ಒಂದೊಂದು ಅಕ್ಷರವೂ ಓದಲು ಬರುವಂತೆ ಸಹಿ ಮಾಡುತ್ತಿದ್ದುದಕ್ಕೆ ಹೆಸರಾಗಿದ್ದರಂತೆ. ನಮ್ಮ ಆಟಗಾರರೂ ಇದನ್ನು ಗಮನಿಸಬಹುದು. ಕಾಪಿ ಬರೆಸಿದ ಮೇಷ್ಟ್ರ ಕೋರಿಕೆ ಇದು.)

ಸಹಿಗೆ ಹಣ ಪಡೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಗಾಂಧೀಜಿಯವರೇ ತಮ್ಮ ಹಸ್ತಾಕ್ಷರಕ್ಕೆ ಐದು ರೂಪಾಯಿ ಪಡೆದು ಹರಿಜನ ನಿಧಿಗೆ ಹಾಕುತ್ತಿದ್ದರು. 1934ರಲ್ಲಿ ಅವರು ನಮ್ಮ ಸಂಡೂರಿಗೆ ಬಂದದ್ದೂ ಅದೇ ಹರಿಜನ ಪ್ರವಾಸದಲ್ಲಿ. ಆದರೆ ಅಲ್ಲಿ ಕೇಳಿದವನು ಎದುರಿಗೆ ನಿಂತಿದ್ದ, ಕೊಟ್ಟವರು ಅವನ ಮುಖ ನೋಡುತ್ತಿದ್ದರು. ನನ್ನ ಶಿಷ್ಯ ಆನ್‌ಲೈನಿನಲ್ಲಿ ತರಿಸುತ್ತೇನೆಂದ ಅಂಗಿಯಲ್ಲಿ ಅದಿಲ್ಲ. ಸೆಲ್ಫಿಯಲ್ಲಿ ಇದೆಯಲ್ಲ ಎನ್ನುವಿರಿ. ಸೆಲ್ಫಿಯಲ್ಲಿ ಇಬ್ಬರೂ ಫೋನನ್ನು ನೋಡುತ್ತಿರುತ್ತಾರೆ, ಒಬ್ಬರನ್ನೊಬ್ಬರಲ್ಲ. ಸಹಿ ಹಾಕುವವನು ಕನಿಷ್ಠ ಪಕ್ಷ "ನಿನ್ನ ಹೆಸರೇನು?" ಎಂದು ಕೇಳಬೇಕಾಗುತ್ತದೆ.

ನನಗೂ ಹಾಕಿ ಅಪರಿಚಿತವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 15 ಮಾರ್ಚ್ 1975, ಕ್ವಾಲಾಲಂಪುರದ ವಿಶ್ವಕಪ್ ಫೈನಲ್. ನಾನು ಎಸ್.ಎಸ್.ಎಲ್.ಸಿ.ಯಲ್ಲಿದ್ದೆ. ಹೊಸಪೇಟೆಯ ಬಸ್ ನಿಲ್ದಾಣದ ಬಳಿಯ ಹೋಟೆಲೊಂದರ ರೇಡಿಯೋ ಮುಂದೆ ಚಹದ ಲೋಟ ಹಿಡಿದು ಜನ ನಿಂತಿದ್ದರು. ಜಸ್‌ದೇವ್ ಸಿಂಗ್ ಅವರ ಹಿಂದಿ ನಮಗಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಅವರ ಉಸಿರು ತಿಳಿಯುತ್ತಿತ್ತು. ಪಾಕಿಸ್ತಾನವನ್ನು 2–1ರಿಂದ ಸೋಲಿಸಿದಾಗ ಹೋಟೆಲಿನ ಯಜಮಾನ ಚಹದ ಕಾಸು ತೆಗೆದುಕೊಳ್ಳಲಿಲ್ಲ. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಹದಿಮೂರು ವರ್ಷಗಳ ನಂತರ ಅದೇ ಊರಿನ ಶಾಲೆಯಲ್ಲಿ ಅಂಥದೇ ಹುಡುಗನೊಬ್ಬನ ಕೈಯಿಂದ ಪುಸ್ತಕ ಕಿತ್ತುಕೊಂಡವನು ನಾನೇ. ಮೇಷ್ಟ್ರ ಕುರ್ಚಿಯಲ್ಲಿ ಕುಳಿತ ಮೇಲೆ ಆ ಹೋಟೆಲಿನ ಮುಂದೆ ನಿಂತಿದ್ದ ಹುಡುಗ ಎಲ್ಲಿ ಹೋದನೋ ತಿಳಿಯದು.

ಮಧ್ಯಾಹ್ನ ಊಟದ ನಂತರ ಮೂವರೂ ಹಂಪಿಗೆ ಹೋದೆವು. ವಿರೂಪಾಕ್ಷನ ಗುಡಿಯ ಕಂಬಸಾಲಿನಲ್ಲಿ ಕುಳಿತಾಗ ಹುಡುಗನಿಗೆ ಒಂದು ಮಾತು ಹೇಳಿದೆ. ವಿಜಯನಗರದ ಅರಸರ ತಾಮ್ರಶಾಸನಗಳ ಕೊನೆಯಲ್ಲಿ ರಾಜನ ಅಂಕಿತ ಇರುತ್ತದೆ. ಶಾಸನದ ಭಾಷೆ ಸಂಸ್ಕೃತವಾಗಿರಲಿ, ಲಿಪಿ ನಂದಿನಾಗರಿಯಾಗಿರಲಿ, ಅಂಕಿತ ಮಾತ್ರ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದು. ಅಷ್ಟು ದೊಡ್ಡ ರಾಜರು ತಮ್ಮ ಹೆಸರನ್ನೇ ಬರೆಯದೆ ದೇವರ ಹೆಸರಿನಲ್ಲಿ ಸಹಿ ಮಾಡುತ್ತಿದ್ದರು. ಆದರೆ ದಾನ ಪಡೆದವರ ಹೆಸರು, ಗೋತ್ರ, ಅವರಿಗೆ ಸಂದ ಪಾಲು ಇವನ್ನು ಶಾಸನದಲ್ಲಿ ವಿವರವಾಗಿ ಬರೆಯಿಸುತ್ತಿದ್ದರು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ತಾತ, ಹಂಗಾದ್ರೆ ಆ ಪುಸ್ತಕದಾಗ ಯಾಕ ಹುಡುಗನ ಹೆಸರಿಲ್ಲ?" ಎಂದ.

ಅದೇ ನನ್ನನ್ನು ಈಗ ಕಾಡುತ್ತಿರುವ ಪ್ರಶ್ನೆ. ಏಳು ಆಟಗಾರರ ಸಹಿಗಳಿವೆ, ಲಾರಿಗಳ ನಂಬರುಗಳಿವೆ, ಹುಡುಗನ ಹೆಸರಿಲ್ಲ. ನನಗೂ ನೆನಪಿಲ್ಲ. ಮುಖ ನೆನಪಿದೆ, ಎಡ ಹುಬ್ಬಿನ ಮೇಲಿನ ಗಾಯದ ಗುರುತು ನೆನಪಿದೆ, "ಆಯ್ತ್ರಿ ಸಾರ್" ಎಂದ ದನಿ ನೆನಪಿದೆ. ಹೆಸರು ಬರುವುದಿಲ್ಲ. ಮರುವಾರ ಶಾಲೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ನೋಡಿದೆ. ಆ ವರ್ಷ ಆ ವಿಭಾಗದಲ್ಲಿ ಶಾಲೆ ಬಿಟ್ಟವರು ನಾಲ್ವರು, ನಾಲ್ವರೂ ಸಂಡೂರಿನ ಸುತ್ತಿನವರೇ. ಆ ನಾಲ್ಕರಲ್ಲಿ ಯಾವ ಹೆಸರು ಆ ಮುಖದ್ದೆಂದು ಹೇಳಲು ನನ್ನಿಂದಾಗಲಿಲ್ಲ. ಆ ಆಟಗಾರರಲ್ಲಿ ಒಬ್ಬರಾದರೂ ಅವನ ಹೆಸರು ಬರೆದು ಸಹಿ ಹಾಕಿದ್ದರೆ ಇಷ್ಟು ಹೊತ್ತಿಗೆ ಪುಸ್ತಕ ಮನೆ ಸೇರುತ್ತಿತ್ತು.

ಏಳು ಸಹಿಗಳ ನಂತರದ ಪುಟದಲ್ಲಿ ಸಹಿ ಇಲ್ಲ. ಮೇಲುಗಡೆ ಹುಡುಗನ ಅಕ್ಷರದಲ್ಲಿ ಹೀಗಿದೆ: "ಎಂ.ಎಂ. ಸೋಮಯ್ಯ, ಕ್ಯಾಪ್ಟನ್. ಸಿಯೋಲ್‌ನಿಂದ ಬಂದ ಮೇಲೆ." ಕೆಳಗೆ ಸಹಿಗೆ ಬೇಕಾದಷ್ಟು ಜಾಗ ಬಿಟ್ಟು ಪೆನ್ಸಿಲಿನಿಂದ ಗೆರೆ ಎಳೆದಿದ್ದಾನೆ. ಮಾಸ್ಕೋದಲ್ಲಿ 1980ರಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಸೋಮಯ್ಯನವರು ಸಿಯೋಲ್‌ನಲ್ಲಿ ನಾಯಕರಾಗಿದ್ದರು. ನಮ್ಮವರು ಆರನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಸೋತು ಬಂದ ನಾಯಕನ ಸಹಿಗೂ ಆ ಹುಡುಗ ಹೋಗಿ ಕಾಯುತ್ತಿದ್ದನೆಂದೇ ನನ್ನ ನಂಬಿಕೆ. ಹೋಗಲು ಅವನ ಬಳಿ ಪುಸ್ತಕವಿರಲಿಲ್ಲ.

ಕಂಪ್ಲಿಯ ಹುಡುಗನನ್ನು ಅವನಪ್ಪ ದಸರೆಗೆ ಬೆಂಗಳೂರಿಗೆ ಕರೆದೊಯ್ಯುತ್ತಾನೆ. ಶಿಬಿರದ ಒಳಗೆ ಬಿಡುತ್ತಾರೋ ಇಲ್ಲವೋ, ಗೇಟಿನ ಹತ್ತಿರವಾದರೂ ನಿಲ್ಲುತ್ತೇನೆ ಎಂದಿದ್ದಾನೆ. ನಾನೊಂದು ಗಟ್ಟಿ ರಟ್ಟಿನ ನೋಟ್‌ಬುಕ್ ಕೊಟ್ಟು, ಮೊದಲ ಪುಟದಲ್ಲಿ ಅವನ ಹೆಸರು, ತಂದೆಯ ಹೆಸರು, ಊರು ಬರೆಸಿದ್ದೇನೆ. ಎರಡು ಪೆನ್ನು ಇಟ್ಟುಕೊಂಡು ಹೋಗು ಎಂದೂ ಹೇಳಿದ್ದೇನೆ.

ಇನ್ನು ಉಳಿದದ್ದು ನಿಮ್ಮಿಂದ ಆಗಬೇಕು. 1988–89ರಲ್ಲಿ ಹೊಸಪೇಟೆಯಲ್ಲಿ ನನ್ನ ಹತ್ತನೆಯ ತರಗತಿಯಲ್ಲಿದ್ದವರು, ಅದರಲ್ಲೂ ಹಿಂದಿನ ಬೆಂಚಿನಲ್ಲಿ ಅವನ ಜೊತೆ ತಲೆ ಸೇರಿಸಿ ಕುಳಿತಿದ್ದ ಇನ್ನಿಬ್ಬರು, ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ಸಂಡೂರು, ಯಶವಂತನಗರ, ದೋಣಿಮಲೈ ಕಡೆ ಇರುವ ನಮ್ಮ ಬಂಧುಗಳೂ ವಿಚಾರಿಸಿ. ಅವನಿಗೀಗ ಐವತ್ತು ದಾಟಿರುತ್ತದೆ. ಎಲ್ಲಿದ್ದರೂ ನಾನೇ ಬಂದು ತಲುಪಿಸುತ್ತೇನೆ, ಅವನು ಬರಬೇಕಾಗಿಲ್ಲ. ಪುಸ್ತಕದ ಹಿಂದಿನ ರಟ್ಟಿನ ಒಳಬದಿಯಲ್ಲಿ ಅವನೇ ಬಿಡಿಸಿದ ಒಂದು ಚಿತ್ರವಿದೆ. ಅದು ಯಾವುದರ ಚಿತ್ರವೆಂದು ಇಲ್ಲಿ ಬರೆಯುವುದಿಲ್ಲ. ಕೇಳಿದರೆ ಅವನು ಹೇಳುತ್ತಾನೆ.